ಒಬ್ಬಳೇ ಮಡಿಸಿದ ಬೆಡ್‌ಶೀಟುಗಳು

ಮಾರ್ಚ್ ೪

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ವೇದಿಕೆ ಕುಸಿದರೆ ಮೊದಲ ಪೆಟ್ಟು ತಿನ್ನಲಿರುವ ಮುಂದಿನ ಸಾಲಿನ ಮಹನೀಯರೇ, ಹಿಂದಿನ ಸಾಲಿನಲ್ಲಿ ಆಗಲೇ ಕಣ್ಣು ಮುಚ್ಚಿರುವ ಮಹಾಜನರೇ,

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿ ವಿಭಾಗದ ಪರವಾಗಿ, ಬಿ.ಎ. ಮಾಡಿ ಬೆಡ್‌ಶೀಟು ಮಡಿಸುವ ಈ ಬಡಪಾಯಿ ಒಪ್ಪಿಸುವ ವರದಿಯನ್ನು ತಾವೆಲ್ಲ ಶಾಂತಚಿತ್ತರಾಗಿ ಆಲಿಸಬೇಕೆಂದು ವಿನಂತಿ. ಚಪ್ಪಾಳೆಗೆ ಅವಕಾಶವಿದೆ, ಪ್ರಶ್ನೆಗೆ ಇಲ್ಲ.

ಅಕ್ಕ, ಸಭೆ ಬರಖಾಸ್ತಾಯಿತು. ಇನ್ನು ನೀನು, ನಾನು.

ನಮ್ಮಲ್ಲಿ ಒಂದು ಅಪಘಾತವಾಗಿದೆ. ಎದೆ ಹಿಡಿದುಕೊಳ್ಳಬೇಡ, ನನಗೇನೂ ಆಗಿಲ್ಲ. ಕಳೆದ ಮಂಗಳವಾರ ಇಸ್ತ್ರಿಯ ದೊಡ್ಡ ರೋಲರಿಗೆ ಸಿಕ್ಕಿ ಮಾವನ ಬಲಗೈಯ ಎರಡು ಬೆರಳು ಹೋದವು. ಮಾವ ಯಾರು ಎನ್ನುತ್ತೀಯ? ತಮ್ಮ ಮಗಳನ್ನು ನಮ್ಮ ಬಾಯ್ಲರಿನವನಿಗೆ ಕೊಟ್ಟ ಹಿರಿಯರು. ಮೊದಲು ಅವನೊಬ್ಬನಿಗೆ ಮಾವ ಆಗಿದ್ದರು, ಈಗ ಲಾಂಡ್ರಿಯ ಹದಿನಾಲ್ಕು ಜನಕ್ಕೂ ಮಾವ. ಆಸ್ಪತ್ರೆ ನಮ್ಮ ತಲೆಯ ಮೇಲೇ ಇರುವುದರಿಂದ ಕೊಳೆಬಟ್ಟೆ ಇಳಿಯುವ ಲಿಫ್ಟಿನಲ್ಲೇ ಮೇಲಕ್ಕೆ ಕಳಿಸಿದೆವು. ಜೀವಕ್ಕೆ ಅಪಾಯವಿಲ್ಲ.

ನಮ್ಮಲ್ಲಿಯ ಒಂದು ಕಟ್ಟಳೆ ನಿನಗೆ ಗೊತ್ತಿರಬೇಕು. ಒಬ್ಬೊಬ್ಬರಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಇದೆ. ರೋಲರಿನ ಹಿಂಬದಿಗೆ ಕೂತು ಒರೆಸುವವರು ಮೊದಲು ತಮ್ಮ ಬಿಲ್ಲೆಯನ್ನು ಸ್ವಿಚ್ಚಿನ ಪಕ್ಕದ ಕೊಕ್ಕೆಗೆ ತೂಗುಹಾಕಬೇಕು. ಹಿಂದೆ ಕೂತವರು ಮುಂದಿನವರಿಗೆ ಕಾಣುವುದಿಲ್ಲ. ವಾಷರುಗಳ ಗಲಾಟೆಯಲ್ಲಿ ಅವರ ಮಾತೂ ಕೇಳುವುದಿಲ್ಲ. ಆ ಜಾಗದಲ್ಲಿ ಕಣ್ಣೂ ಬಿಲ್ಲೆಯೇ, ಕಿವಿಯೂ ಬಿಲ್ಲೆಯೇ. ಅದು ತೂಗುತ್ತಿರುವಾಗ ಸ್ವಿಚ್ಚನ್ನು ಯಾರೂ ಮುಟ್ಟಕೂಡದು. ನಲವತ್ತು ವರ್ಷದಿಂದ ಯಾರೂ ಮುಟ್ಟಿರಲಿಲ್ಲ.

ಒತ್ತಿದ್ದು ಸಿಳ್ಳೆಯಮ್ಮ. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಕೆಲಸ ಮಾಡುತ್ತಾ ಸಿಳ್ಳೆ ಹಾಕುತ್ತಾಳೆ, ಅದೂ ಸ್ವರ ತಪ್ಪದೆ. "ಕೊಕ್ಕೇಲಿ ಬಿಲ್ಲೆ ಇರ್ಲಿಲ್ಲ" ಎನ್ನುತ್ತಾಳೆ ಅವಳು. "ನಾನು ಹಾಕಿಯೇ ಹಿಂದೆ ಹೋದೆ" ಎನ್ನುತ್ತಾರೆ ಮಾವ. ಗಲಾಟೆ ಕೇಳಿ ಎಲ್ಲರೂ ಓಡಿ ಬಂದು ನೋಡಿದಾಗ ಮಾವನ ಏಳನೇ ನಂಬರಿನ ಬಿಲ್ಲೆ ಕೊಕ್ಕೆಯಲ್ಲಿ ತೂಗುತ್ತಿತ್ತು.

ಮೇಸ್ತ್ರಿ ತೀರ್ಪು ಕೊಟ್ಟರು. "ತಪ್ಪು ಯಾರು ಮಾಡಲ್ಲ? ಗಮನ ಇರ್ಲಿಲ್ಲ ಅಂದಿದ್ರೆ ಅಲ್ಲಿಗೆ ಮುಗೀತಿತ್ತು. ಕಣ್ಣೆದುರಿಗೆ ತೂಗ್ತಿರೋದನ್ನ ಇರ್ಲೇ ಇಲ್ಲ ಅಂತಾಳಲ್ಲ, ಅದು ಪಾಪ. ಒಪ್ಕೊಳ್ಳೋವರೆಗೂ ಅವಳ ಜೊತೆ ಯಾರೂ ಮಾತಾಡೋದು ಬೇಡ." ಕೈ ಎತ್ತಿಸಲಿಲ್ಲ, ಕಾಗದಕ್ಕೆ ಬರೆಯಲಿಲ್ಲ. ಮಾರನೆಯ ದಿನದಿಂದ ಜಾರಿಗೆ ಬಂತು.

ಹಬೆಯೊಳಗೆ ಹದಿನಾಲ್ಕು ಬಾಯಿ, ಹದಿಮೂರಕ್ಕೆ ಬೀಗ;
ಹದಿನಾಲ್ಕನೆಯದು ಕೇಳುತ್ತಿದೆ: ಮಾತಾಡುವುದು ಯಾವಾಗ?

ಹೇಗಿದೆ? ಎರಡನೆಯ ಸಾಲು ಸ್ವಲ್ಪ ಉದ್ದವಾಯಿತು. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ


ಮಾರ್ಚ್ ೧೩

ತಮ್ಮ,

ನಿನ್ನ ಪತ್ರವನ್ನು ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮಹಾಜನರ ಹೆಸರು ಬಂದಾಗ ಚಪ್ಪಾಳೆ ತಟ್ಟಿದರು. ಬೆರಳಿನ ಸುದ್ದಿ ಬಂದಾಗ ಎತ್ತಿದ ಕೈ ಹಾಗೇ ನಿಂತಿತು. "ಇಂಥದ್ದನ್ನೂ ಶಾಲು ಹೊದಿಸಿ ಬರೀತಾನಲ್ಲ ನಿನ್ನ ತಮ್ಮ" ಎಂದರು. ಅವರು ಕಳೆದ ವಾರ ಗೋಡೆ ಗಡಿಯಾರ ರಿಪೇರಿ ಮಾಡಿದ್ದಾರೆ. ಅಂದಿನಿಂದ ಅದು ನಿಂತಿದೆ.

ಕಾಕತಾಳೀಯ ನೋಡು. ನಮ್ಮ ಲೈಬ್ರರಿಯ ಗುರುವಾರದ ಓದುಕೂಟದಲ್ಲಿ ಒಂದು ಹಳೆಯ ಕಾದಂಬರಿ ಹಿಡಿದಿದ್ದೇವೆ. ರಟ್ಟು ಕಿತ್ತುಹೋಗಿದೆ, ಮೊದಲ ಹಾಳೆಗಳಿಲ್ಲ, ಬರೆದವರು ಯಾರೋ ತಿಳಿಯದು. ಒಬ್ಬ ಅಂಬಿಗ. ಪ್ರವಾಹದ ದಿನ ಆಚೆ ದಡದಲ್ಲಿ ಉಳಿದವರನ್ನು ತರಲು ಎರಡನೆಯ ಸಲ ಹೋಗಲಿಲ್ಲ ಎಂಬುದು ಅವನ ಪಾಪ. ಊರಿನವರು ಹೊಡೆಯುವುದಿಲ್ಲ, ಓಡಿಸುವುದಿಲ್ಲ. ಅವನ ದೋಣಿ ಹತ್ತುತ್ತಾರೆ, ಇಳಿಯುತ್ತಾರೆ, ಒಂದೇ ಒಂದು ಮಾತಿಲ್ಲ. ಅವನು ಬೀದಿಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹನ್ನೊಂದು ವರ್ಷ.

ಕೂಟದಲ್ಲಿ ದೊಡ್ಡ ಚರ್ಚೆಯಾಯಿತು. ನಮ್ಮಲ್ಲಿಗೆ ಬರುವ ನಿವೃತ್ತ ಜೈಲರ್ ಒಬ್ಬರಿದ್ದಾರೆ, ಸಾಮಾನ್ಯವಾಗಿ ಬಾಯಿ ಬಿಡದವರು. ಅವರು ಹೇಳಿದರು: "ಜೈಲಲ್ಲಾದ್ರೆ ದಿನಕ್ಕೆರಡು ಸಲ ಹೆಸರು ಹಿಡಿದು ಕೂಗ್ತೀವಿ ಮೇಡಂ. ಇದು ನಮ್ಮದಕ್ಕಿಂತ ಕೆಟ್ಟದ್ದು."

ನನಗೆ ಮಾತ್ರ ಆ ಕಥೆಯ ಕಮ್ಮಾರನ ಮೇಲೆ ಅನುಮಾನ. ಊರಿನಲ್ಲೆಲ್ಲ ಅತಿ ಜೋರಾಗಿ ಬಾಗಿಲು ಹಾಕುವವನು ಅವನೇ. ಬಾಗಿಲ ಹಿಂದೆ ಏನನ್ನೋ ಇಟ್ಟುಕೊಂಡವನಂತೆ. ನಾವಿನ್ನೂ ಅರ್ಧಕ್ಕೆ ಬಂದಿಲ್ಲ, ನೋಡಬೇಕು.

ಮಾವ ಹೇಗಿದ್ದಾರೆ ಬರೆ. ಆ ಹೆಂಗಸು ಹೇಗಿದ್ದಾಳೆ ಅದನ್ನೂ ಬರೆ.

ಅಕ್ಕ


ಮಾರ್ಚ್ ೨೧

ಅಕ್ಕ,

ಮಾವ ಮೂರನೇ ಮಹಡಿಯ ವಾರ್ಡಿನಲ್ಲಿದ್ದಾರೆ. ಭಾನುವಾರ ನೋಡಲು ಹೋಗಿದ್ದೆ. ಹಾಸಿಗೆಯ ಮೇಲೆ ನಾವೇ ಇಸ್ತ್ರಿ ಮಾಡಿ ಕಳಿಸಿದ ಬೆಡ್‌ಶೀಟು. "ನೋಡಪ್ಪಾ ಕವಿ, ಈ ಮೂಲೇಲಿ ಸುಕ್ಕು ಬಿಟ್ಟಿದ್ದೀರಿ. ಇಲ್ಲಿ ಮಲಗಿದ್ಮೇಲೇ ಗೊತ್ತಾಗೋದು ನಿಮ್ಮ ಕಳ್ಳಾಟ" ಎಂದು ಬೈದರು. ನನ್ನನ್ನು ಇಲ್ಲಿ ಕವಿ ಎನ್ನುತ್ತಾರೆ, ಗೌರವಕ್ಕಲ್ಲ. ಕೈಗೆ ಕಟ್ಟಿದ ಬ್ಯಾಂಡೇಜು ಒಂದು ಮಗುವಿನ ತಲೆಯಷ್ಟು ದೊಡ್ಡದಿದೆ. ಅದನ್ನು ಎದೆಯ ಮೇಲಿಟ್ಟುಕೊಂಡು ಒಂದು ಮಾತು ಹೇಳಿದರು.

"ಅವಳು ಸುಳ್ಳು ಹೇಳೋಳಲ್ಲ ಕಣೋ. ನಾನೂ ಬಿಲ್ಲೆ ಹಾಕಿದ್ದು ನಿಜ. ಇಬ್ರೂ ನಿಜ ಹೇಳ್ತಿದ್ದೀವಿ ಅಂದ್ರೆ ನಡುವೆ ಏನೋ ಆಗಿದೆ."

"ಮೇಸ್ತ್ರಿಗೆ ಹೇಳಿದ್ರಾ?" ಎಂದೆ.

"ಹೇಳ್ದೆ. ಔಷಧಿ ಅಮಲು ಮಾವ, ಮಲ್ಕೊಳ್ಳಿ ಅಂದ."

ಬಿಸ್ಕತ್ತಿನ ಪೊಟ್ಟಣ ಕೊಟ್ಟು ಬಂದೆ.

ಆ ಹೆಂಗಸು ಹೇಗಿದ್ದಾಳೆ ಎಂದು ಕೇಳಿದ್ದೀಯ. ಬೆಡ್‌ಶೀಟು ಮಡಿಸಲು ಇಬ್ಬರು ಬೇಕು, ಗೊತ್ತಲ್ಲ. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು, ಜಗ್ಗಿ, ಒಬ್ಬರತ್ತ ಒಬ್ಬರು ನಡೆದು, ಮೂಲೆಗೆ ಮೂಲೆ ಕೂಡಿಸಿ ಹಿಂದಕ್ಕೆ ಹೋಗಬೇಕು. ದಿನಕ್ಕೆ ಆರುನೂರು ಸಲ. ನಮ್ಮ ಮಾತೆಲ್ಲ ನಡೆಯುವುದೇ ಆ ನಡಿಗೆಯಲ್ಲಿ. ಯಾರ ಮಗಳಿಗೆ ಗಂಡು ನೋಡಿದರು, ಯಾರ ಹಲ್ಲು ಕೀಳಿಸಿದರು, ಎಲ್ಲವೂ ಬಂದು ಹೋಗುವ ನಾಲ್ಕು ಹೆಜ್ಜೆಯಲ್ಲಿ. ಈಗ ಸಿಳ್ಳೆಯಮ್ಮನ ಎದುರಿಗೆ ಯಾರೂ ನಿಲ್ಲುವುದಿಲ್ಲ. ಅವಳು ಗೋಡೆಗೆ ಎರಡು ಮೊಳೆ ಹೊಡೆದಿದ್ದಾಳೆ. ಆಚೆಯ ಎರಡು ಮೂಲೆಗಳನ್ನು ಮೊಳೆಗೆ ಸಿಕ್ಕಿಸಿ, ಈಚೆಯ ಎರಡನ್ನು ತಾನು ಹಿಡಿದು, ಗೋಡೆಯ ಕಡೆಗೆ ನಡೆದು, ಮಡಿಸಿ, ಹಿಂದಕ್ಕೆ ಬರುತ್ತಾಳೆ. ನಾವು ಇಬ್ಬಿಬ್ಬರು ಮಡಿಸುವಷ್ಟನ್ನೇ ಅವಳೊಬ್ಬಳು ಮಡಿಸುತ್ತಾಳೆ. ಮೊದಲ ಎರಡು ದಿನ ಸಿಳ್ಳೆ ಹಾಕಿದಳು. ಆಮೇಲೆ ಇಲ್ಲ.

ಚಹಾದ ಹೊತ್ತಿಗೆ ಬೆಂಚು ಒಂದು ತುದಿಯಲ್ಲಿ ಖಾಲಿ, ಇನ್ನೊಂದು ತುದಿಯಲ್ಲಿ ಜನಜಂಗುಳಿ. ಒಂದು ದಿನ ಈ ಕಡೆಯ ಭಾರಕ್ಕೆ ಬೆಂಚು ಓರೆಯಾಗಿ ಅವಳೊಬ್ಬಳೇ ಕೂತ ತುದಿ ಮೇಲಕ್ಕೆ ಎದ್ದೇಬಿಟ್ಟಿತು. ನಗು ಬಂತು ಎಲ್ಲರಿಗೂ, ಅವಳಿಗೂ. ಅವಳು ನಕ್ಕದ್ದು ಕಂಡು ಎಲ್ಲರೂ ನಿಲ್ಲಿಸಿದರು.

ಆ ಕಮ್ಮಾರನ ವಿಷಯ ನನಗೇಕೆ ಬರೆದೆ? ಬಾಗಿಲನ್ನು ಜೋರಾಗಿ ಹಾಕಿದವರೆಲ್ಲ ಬಾಗಿಲ ಹಿಂದೆ ಏನೋ ಇಟ್ಟುಕೊಂಡಿರುತ್ತಾರೆ ಎಂದು ನೀನು ಕೂತಲ್ಲೇ ಹೇಗೆ ಹೇಳುತ್ತೀಯ? ಬಾಗಿಲು ಸಡಿಲವಿರಬಹುದು. ಗಾಳಿ ಇರಬಹುದು. ಪುಸ್ತಕ ಓದುವವರಿಗೆ ಎಲ್ಲರ ಮೇಲೂ ಅನುಮಾನ.

ತಮ್ಮ


ಏಪ್ರಿಲ್ ೨

ತಮ್ಮ,

ಅಯ್ಯೋ, ಕಾದಂಬರಿಯ ಕಮ್ಮಾರನಿಗೆ ನೀನು ವಕೀಲನಾಗುತ್ತೀಯೆಂದು ನನಗೇನು ಗೊತ್ತು! ಸುಮ್ಮನೆ ಬರೆದೆ ಮಾರಾಯ. ಆ ಕಮ್ಮಾರ ನಿನ್ನ ನೆಂಟನೇನೂ ಅಲ್ಲವಲ್ಲ.

ಮೊಳೆಗೆ ಬೆಡ್‌ಶೀಟು ಸಿಕ್ಕಿಸುವುದನ್ನು ಓದಿದ ಮೇಲೆ ನನ್ನ ಕೈ ಕೆಲಸಕ್ಕೆ ಬರಲಿಲ್ಲ. ಮನೆಯ ಬೆಡ್‌ಶೀಟು ತೆಗೆದುಕೊಂಡು ಭಾವನನ್ನು ಎದುರಿಗೆ ನಿಲ್ಲಿಸಿ ಮಡಿಸಿ ನೋಡಿದೆ. ಅವರು ತಪ್ಪು ಮೂಲೆ ಕೊಟ್ಟು ಜಗಳವಾಯಿತು, ಅದು ಬೇರೆ ಮಾತು. ಆದರೆ ನೀನು ಹೇಳಿದ್ದು ಅರ್ಥವಾಯಿತು: ಎರಡು ಹೆಜ್ಜೆ ಹತ್ತಿರ ಬಂದರೆ ಬಾಯಿ ತಾನಾಗಿ ತೆರೆಯುತ್ತದೆ.

ಒಂದೇ ಪ್ರಶ್ನೆ. ಪ್ರಾಸ ಬೇಡ, ಸಭೆ ಬೇಡ, ನೇರ ಉತ್ತರ ಬರೆ. ನೀನು ಅವಳ ಜೊತೆ ಮಾತಾಡುತ್ತಿದ್ದೀಯಾ?

ಅಕ್ಕ


ಮೇ ೯

ಅಕ್ಕ,

ಐದು ವಾರ ಪತ್ರವಿಲ್ಲ ಎಂದು ನೀನು ಕೋಪಿಸಿಕೊಂಡಿರುತ್ತೀಯ. ಕೋಪಿಸಿಕೋ. ಕೋಪಕ್ಕೆ ಅಂಚೆ ಚೀಟಿ ಬೇಕಿಲ್ಲ.

ಸುದ್ದಿ ಇದೆ. ಮ್ಯಾನೇಜರು ಒಂದು ಕಾಗದ ತಯಾರಿಸಿದ್ದಾರೆ: "ಬಿಲ್ಲೆ ತೂಗುತ್ತಿರುವಾಗಲೇ ಸ್ವಿಚ್ಚು ಒತ್ತಿದೆ, ಆಮೇಲೆ ಸುಳ್ಳು ಹೇಳಿದೆ" ಎಂದು. ಸಿಳ್ಳೆಯಮ್ಮ ಅದಕ್ಕೆ ಜೂನ್ ಏಳನೇ ತಾರೀಕು ಶುಕ್ರವಾರದೊಳಗೆ ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ಮಾತೂ ಮರಳುತ್ತದೆ. ಹಾಕದಿದ್ದರೆ ಅವತ್ತೇ ಗೇಟಿನಾಚೆ. ಅವಳು ಕಾಗದವನ್ನು ಓದಿ, ಎರಡು ಸಲ ಮಡಿಸಿ, ಮೂಲೆಗೆ ಮೂಲೆ ಸರಿಯಾಗಿ ಕೂಡಿಸಿ, ಮೇಸ್ತ್ರಿಯ ಕೈಗೇ ವಾಪಸ್ಸು ಕೊಟ್ಟಳು. "ಇರ್ಲಿಲ್ಲ ಅಂದ್ರೆ ಇರ್ಲಿಲ್ಲ" ಎಂದಳು. ಮೇಸ್ತ್ರಿ ಉತ್ತರ ಕೊಡುವ ಹಾಗಿಲ್ಲ, ಮಾತು ಬಿಟ್ಟಿದ್ದಾರಲ್ಲ. ಕಾಗದ ಹಿಡಿದುಕೊಂಡು ತಲೆ ಅಲ್ಲಾಡಿಸುತ್ತಾ ನಿಂತರು. ತೀರ್ಪು ಕೊಟ್ಟವರಿಗೂ ಕಷ್ಟವಿದೆ ನೋಡು.

ಮಾತು ನಿಂತವರ ಬದುಕು ಹೇಗಿರುತ್ತದೆ ಎಂದು ನನಗೆ ಈಗ ಗೊತ್ತಾಗುತ್ತಿದೆ. ಬೆಳಿಗ್ಗೆ ಒಳಗೆ ಬಂದಾಗ ಮುಖದ ಮೇಲೆ ಒಂದು ನಗು ಸಿದ್ಧವಾಗಿರುತ್ತದೆ. ಅದನ್ನು ಇಳಿಸಲು ಜಾಗ ಸಿಗದೆ ಅರ್ಧ ಗಂಟೆ ಹಾಗೇ ಹೊತ್ತುಕೊಂಡಿರಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟುತ್ತದೆ. ಬಕೀಟಿಗೆ, ಬಾಗಿಲಿಗೆ, ಸೋಪಿನ ಪುಡಿಯ ಡಬ್ಬಕ್ಕೆ ಮೆಲ್ಲಗೆ ಏನಾದರೂ ಹೇಳಿ ಸ್ವರ ಇದೆಯೇ ಎಂದು ನೋಡಿಕೊಳ್ಳಬೇಕು. ಹಿಂದೆ ಯಾರಾದರೂ ಕೆಮ್ಮಿದರೆ ತಮಗೇ ಇರಬೇಕು ಎಂದು ತಿರುಗಬೇಕು, ಅಲ್ಲ ಎಂದು ತಿಳಿದ ಮೇಲೆ ಬೇರೇನನ್ನೋ ನೋಡುತ್ತಿದ್ದ ಹಾಗೆ ನಟಿಸಬೇಕು. ಸಂಜೆ ಎಲ್ಲರೂ ಹೊರಟ ಮೇಲೆ ಹೊರಡಬೇಕು, ಏಕೆಂದರೆ ಮೆಟ್ಟಿಲ ಮೇಲೆ ಎದುರಾದವರು ಗೋಡೆಗೆ ಅಂಟಿಕೊಳ್ಳುವುದನ್ನು ನೋಡುವುದು ಬೇಡ.

ನಗಿಸಲು ಕೂತವನು ಏನೇನೋ ಬರೆದೆ. ಒಂದು ಪ್ರಾಸ ಕಳಿಸೋಣವೆಂದರೆ ಬರುತ್ತಿಲ್ಲ. ಸೋಪಿಗೆ ಕೋಪ, ತಾಪ, ಪಾಪ. ಎಲ್ಲ ಹಳೆಯದು.

ಭಾವನ ಗಡಿಯಾರ ನಡೆಯಿತೇ?

ತಮ್ಮ


ಮೇ ೧೫

ತಮ್ಮ,

ನಿನ್ನ ಪತ್ರ ನಿನ್ನೆ ಬಂತು. ನಾಲ್ಕು ಸಲ ಓದಿದೆ. ಭಾವನಿಗೆ ಓದಿ ಹೇಳಲಿಲ್ಲ.

ಮೂವತ್ತು ವರ್ಷದಿಂದ ಹೇಳದೆ ಇದ್ದದ್ದನ್ನು ಮೊದಲು ಹೇಳುತ್ತೇನೆ. ನಾನು ಲೈಬ್ರರಿಗೆ ಹೊಸದಾಗಿ ಸೇರಿದಾಗ, ಕೆಲಸಕ್ಕೆ ಬಾರದೆಯೇ ಹಾಜರಿ ಹಾಕಿಸಿಕೊಳ್ಳುತ್ತಿದ್ದ ಒಬ್ಬರ ವಿಷಯವನ್ನು ಮೇಲಿನವರಿಗೆ ತಿಳಿಸಿದ್ದೆ. ಅವರಿಗೇನೂ ಆಗಲಿಲ್ಲ. ನನ್ನೊಡನೆ ಮಾತ್ರ ಎಂಟು ತಿಂಗಳು ಯಾರೂ ಮಾತಾಡಲಿಲ್ಲ. ನಾನು ಊಟದ ಡಬ್ಬಿ ತೆರೆದರೆ ಎಲ್ಲರೂ ಎದ್ದು ಹೋಗುತ್ತಿದ್ದರು. ಆ ಎಂಟು ತಿಂಗಳು ನಿನಗೆ ಹಾಸ್ಟೆಲಿಗೆ ಹತ್ತು ಹತ್ತು ಪುಟದ ಪತ್ರ ಬರೆಯುತ್ತಿದ್ದೆ, ನೆನಪಿದೆಯಾ? ಲೈಬ್ರರಿಯಲ್ಲಿ ದಿನಾ ಒಂದು ತಮಾಷೆ ನಡೆಯುತ್ತದೆ ಎಂದು. ಒಂದೂ ನಡೆದಿರಲಿಲ್ಲ. ಎಲ್ಲ ನಾನೇ ಕಟ್ಟಿದ್ದು. "ಅಕ್ಕ, ನಿನ್ನ ಆಫೀಸು ಸರ್ಕಸ್ಸು, ನಾನೂ ಅಲ್ಲೇ ಸೇರ್ತೀನಿ" ಎಂದು ನೀನು ಬರೆದಿದ್ದೆ.

ಆದ್ದರಿಂದ ಇಂಥ ಪತ್ರ ನನಗೆ ಗುರುತು ಸಿಗುತ್ತದೆ. ಮುಖದ ಮೇಲೆ ನಗು ಇಳಿಸಲು ಜಾಗ ಸಿಗದಿರುವುದು ನೋಡಿ ಬರೆಯುವ ಮಾತಲ್ಲ. ಬಕೀಟಿನೊಡನೆ ಮಾತಾಡಿದವರಿಗೇ ಗೊತ್ತು.

ಸಿಳ್ಳೆಯಮ್ಮ ಎಂಬವಳು ಇಲ್ಲ, ಅಲ್ಲವಾ? ಚಿಕ್ಕಂದಿನಲ್ಲಿ ಸಿಳ್ಳೆ ಹಾಕಿ ಅಪ್ಪನಿಂದ ಬೈಸಿಕೊಳ್ಳುತ್ತಿದ್ದವನು ನೀನು. ಸ್ವಿಚ್ಚು ಒತ್ತಿದವನು ನೀನು. ಮೊಳೆ ಹೊಡೆದವನು ನೀನು. ನಾನು ನೇರ ಪ್ರಶ್ನೆ ಕೇಳಿದ್ದಕ್ಕೆ ಐದು ವಾರ ನಿನ್ನಿಂದ ಉತ್ತರ ಬಾರದಿದ್ದದ್ದು ಅದಕ್ಕೇ.

ನನ್ನ ಹತ್ತಿರ ನಾಚಿಕೆ ಯಾಕೋ? ಬಿಲ್ಲೆ ಇರಲಿಲ್ಲ ಎಂದು ನೀನು ಹೇಳಿದರೆ ಇರಲಿಲ್ಲ. ನಾನು ನಂಬುತ್ತೇನೆ. ಬೇರೆ ಯಾರೂ ಮಾತಾಡದಿದ್ದರೆ ನನಗೆ ಬರೆ, ದಿನಾ ಬರೆ. ನಾನು ದಿನಾ ಉತ್ತರ ಬರೆಯುತ್ತೇನೆ.

ನಿನ್ನ ಅಕ್ಕ


ಮೇ ೨೪

ಅಕ್ಕ,

ನಿನ್ನ ಪತ್ರ ಓದುತ್ತಾ ಹಬೆಯ ಕೋಣೆಯಲ್ಲಿ ನಿಂತಿದ್ದೆ. ಅಲ್ಲಿ ಎಲ್ಲರ ಮುಖವೂ ಒದ್ದೆ ಇರುವುದರಿಂದ ಯಾರಿಗೂ ತಿಳಿಯಲಿಲ್ಲ.

ಆ ಎಂಟು ತಿಂಗಳು ನಾನು ಸರ್ಕಸ್ಸು ಎಂದು ನಕ್ಕಿದ್ದೆನಲ್ಲ. ಎಂಥ ಓದುಗ ನಾನು.

ನೀನು ಊಹಿಸಿದ್ದರ ಬಗ್ಗೆ ಏನು ಬರೆಯಲಿ. ಊಹಿಸಿದ ಹಾಗೇ ಇರಲಿ. ನೀನು ನಂಬುತ್ತೇನೆ ಎಂದು ಬರೆದದ್ದನ್ನು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಆ ಒಂದು ಸಾಲನ್ನು ಇಲ್ಲಿ ಯಾರಾದರೂ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ.

ಬೇಸಿಗೆ ಜೋರಾಗಿದೆ. ಬೇರೇನಿಲ್ಲ.

ತಮ್ಮ


ಮೇ ೩೦

ತಮ್ಮ,

"ಬೇರೇನಿಲ್ಲ" ಎಂದು ಬರೆದು ಪತ್ರ ಮುಗಿಸುವವನಲ್ಲ ನೀನು. ಆದ್ದರಿಂದ ಎರಡು ಕೆಲಸ ಮಾಡಿದ್ದೇನೆ. ಬೈಯಬೇಡ.

ಮೊದಲನೆಯದು, ನಿಮ್ಮ ಮ್ಯಾನೇಜರಿಗೆ ಒಂದು ಪತ್ರ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಹೆದರುತ್ತಾರೆ ಎಂದರು ಭಾವ. ನಾನು ನಮ್ಮ ಭಾಷೆಯಲ್ಲೇ ಬರೆದೆ, ಅರ್ಥವಾದರೆ ಇನ್ನೂ ಹೆಚ್ಚು ಹೆದರುತ್ತಾರೆ. ನನ್ನ ತಮ್ಮ ತಮಾಷೆ ಮಾಡುವವನೇ ಹೊರತು ಸುಳ್ಳು ಹೇಳುವವನಲ್ಲ, ಒಬ್ಬ ಮನುಷ್ಯನನ್ನು ಮೂರು ತಿಂಗಳು ಮಾತಿಲ್ಲದೆ ಕೊಳೆಯಿಸಿ ಸಹಿ ತೆಗೆದುಕೊಂಡರೆ ಅದು ಸಹಿಯಲ್ಲ ಎಂದು ಬರೆದಿದ್ದೇನೆ.

ಎರಡನೆಯದು, ಏಳನೇ ತಾರೀಕು ಶುಕ್ರವಾರ ಬೆಳಗಿನ ಹತ್ತು ಗಂಟೆಯ ರೈಲಿಗೆ ನಾನು ಬಂದಿಳಿಯುತ್ತೇನೆ. ಜೈಲರ್ ಸಾಹೇಬರು ತಾವೂ ಬರುತ್ತೇನೆ ಎಂದರು, ಬೇಡವೆಂದೆ. ನಾನು ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ನಿನ್ನ ಎದುರಿಗೆ ಯಾರೂ ನಿಲ್ಲದಿದ್ದರೆ ನಾನು ನಿಲ್ಲುತ್ತೇನೆ. ಭಾವನ ಜೊತೆ ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಈಗ ಮೂಲೆ ಸರಿಯಾಗಿ ಕೂಡುತ್ತದೆ.

ಅಕ್ಕ


ಜೂನ್ ೬, ಗುರುವಾರ, ಸಂಜೆ ಆರು

ಅಕ್ಕ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಸ್ಟೇಷನ್ನಿನಲ್ಲಿ ನಿನ್ನ ಕೈಗೆ ಕೊಡುತ್ತೇನೆ. ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಬಾಯಲ್ಲಿ ಹೇಳಲು ಹೋದರೆ ನಡುವೆ ಎಲ್ಲೋ ನಗಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಪತ್ರ ತಲುಪಿ ಮ್ಯಾನೇಜರು ಇಂದು ಬೆಳಿಗ್ಗೆ ನನ್ನನ್ನು ಕರೆಸಿದರು. ಮೇಸ್ತ್ರಿಯೂ ಅಲ್ಲೇ ಇದ್ದರು.

"ಏನ್ರೀ ಇದು? ನಿಮ್ಮ ಜೊತೆ ಯಾರೂ ಮಾತಾಡಲ್ಲ ಅಂತ ನಿಮ್ಮಕ್ಕ ಬರೆದಿದ್ದಾರೆ!"

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವ್ರ ಜೊತೆನಾ ಸಾರ್? ಇಡೀ ಲಾಂಡ್ರೀಲಿ ಇವ್ರ ಬಾಯಿ ಮುಚ್ಚಿಸೋದೇ ನಮಗೆ ಕೆಲ್ಸ."

"ಮತ್ತೆ ಸುಳ್ಳು ಹೇಳೋನಲ್ಲ ಅಂತ ಬೇರೆ ಬರೆದಿದ್ದಾರೆ. ನೀವು ಸುಳ್ಳು ಹೇಳಿದ್ರಿ ಅಂತ ಇಲ್ಲಿ ಯಾರಂದ್ರು?"

"ಯಾರೂ ಅಂದಿಲ್ಲ ಸಾರ್" ಎಂದೆ.

ಹೌದು ಅಕ್ಕ. ನನ್ನೊಡನೆ ಎಲ್ಲರೂ ಮಾತಾಡುತ್ತಾರೆ. ಸಿಳ್ಳೆಯಮ್ಮ ಇದ್ದಾಳೆ. ಒಂಬತ್ತು ವರ್ಷ ಅವಳ ಎದುರಿನ ಎರಡು ಮೂಲೆ ಹಿಡಿದು ನಡೆದವನು ನಾನು. ಆ ಮೊಳೆಗಳು ನಿಂತಿರುವುದು ನನ್ನ ಜಾಗದಲ್ಲಿ. ನೀನು ಏಪ್ರಿಲಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ: ಇಲ್ಲ, ಒಂದು ಮಾತೂ ಆಡಲಿಲ್ಲ. ಒಮ್ಮೆ ಚಹಾದ ಹೊತ್ತಿನಲ್ಲಿ ಅವಳೇ ಬಂದು "ಕವಿಗಳೇ, ನೀವಾದ್ರೂ ಒಂದು ಪ್ರಾಸ ಬಿಸಾಕಿ" ಎಂದಳು. ನಾನು ಲೋಟದೊಳಗೆ ನೋಡಿದೆ. ಬಕೀಟಿನೊಡನೆ ಮಾತಾಡುವುದನ್ನು ನಾನು ಕಂಬದ ಮರೆಯಲ್ಲಿ ನಿಂತು ಕೇಳಿದ್ದು. ದಿನಾ ಕೇಳುತ್ತಿದ್ದೆ. ಅದನ್ನು ನೀನು ನನ್ನದೆಂದುಕೊಂಡೆ. ನಿನ್ನ ಕನಿಕರ ಬೆಚ್ಚಗಿತ್ತು, ಇಟ್ಟುಕೊಂಡೆ. ಅದು ಅವಳಿಗೆ ಸೇರಬೇಕಾದದ್ದು.

ಇಂದು ಮಧ್ಯಾಹ್ನ ಅವಳು ಮೇಸ್ತ್ರಿಯ ಮೇಜಿಗೆ ಹೋಗಿ ನಿಂತಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಾಳೆ ಸಹಿ ಹಾಕ್ತೀನಿ. ಬಿಲ್ಲೆ ಇತ್ತು ಅಂತಾನೇ ಬರ್ಕೊಳ್ಳಿ. ನನಗೇ ಈಗ ಗೊತ್ತಾಗ್ತಿಲ್ಲ, ಇತ್ತೋ ಏನೋ. ಯಾರಾದ್ರೂ ಒಬ್ರು ಎದುರಿಗೆ ನಿಂತ್ಕೊಳ್ಳಿ, ಸಾಕು."

ಮೇಸ್ತ್ರಿಗೆ ಕಣ್ಣೀರೇ ಬಂತು. ಕೆಟ್ಟವರಲ್ಲ ಅವರು. "ನೋಡಮ್ಮ, ಈ ಮಾತನ್ನ ಮೊದಲೇ ಅಂದಿದ್ರೆ ಇಷ್ಟೆಲ್ಲ ಬೇಕಿತ್ತಾ" ಎಂದು ಕುರ್ಚಿ ಎಳೆದು ಕೂರಿಸಿದರು. ಯಾರೋ ಚಹಾ ತಂದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಮೂರು ತಿಂಗಳ ಸುದ್ದಿ, ಒಬ್ಬರ ಮೇಲೊಬ್ಬರು. ಅವಳು ಯಾರ ಮಾತಿಗೆ ತಿರುಗಬೇಕೆಂದು ತಿಳಿಯದೆ ಎಲ್ಲರಿಗೂ ತಲೆಯಾಡಿಸುತ್ತಿದ್ದಳು. ಆಮೇಲೆ ಮೇಸ್ತ್ರಿ ನನ್ನ ಬೆನ್ನು ತಟ್ಟಿ, "ಹೋಗ್ರೀ ಕವಿ, ನಿಮ್ಮ ಜಾಗಕ್ಕೆ" ಎಂದರು.

ಹೋದೆ. ಮೊಳೆಯಿಂದ ಮೂಲೆಗಳನ್ನು ಬಿಡಿಸಿ ಹಿಡಿದೆ. ಅವಳು ಜಗ್ಗಿದಳು, ನಾನು ಜಗ್ಗಿದೆ, ನಡೆದೆವು. ನನ್ನ ಕೈಯಿಂದ ಮೂಲೆಗಳನ್ನು ತೆಗೆದುಕೊಳ್ಳುವಾಗ ಅವಳ ಬೆರಳು ಕಂಡೆ. ಒಬ್ಬಳೇ ಜಗ್ಗಿ ಜಗ್ಗಿ ಉಗುರಿನ ಬುಡವೆಲ್ಲ ಸೀಳಿದೆ. "ಏನಾದ್ರೂ ಹೇಳಿ ಕವಿಗಳೇ. ನನಗೆ ಮಾತೇ ಮರೆತ್ಹೋಗಿದೆ ನೋಡಿ" ಎಂದು ನಕ್ಕಳು. ನಾನು ಹಿಂದಕ್ಕೆ ಹೋಗಿ ಇನ್ನೊಂದು ಬೆಡ್‌ಶೀಟು ಎತ್ತಿಕೊಂಡೆ. ಅದನ್ನು ಕೆಳಗಿಟ್ಟೆ. ಅವಳಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಬೆಡ್‌ಶೀಟನ್ನು ಎತ್ತಿಕೊಂಡು ಮತ್ತೆ ಮೊಳೆಗೆ ಸಿಕ್ಕಿಸಿದಳು.

ಐದು ಗಂಟೆಗೆ ಒಂದು ಕಾಗದ ಬರೆದು ಮ್ಯಾನೇಜರ ಕೈಗೆ ಕೊಟ್ಟೆ. ಅದರಲ್ಲಿ ಇರುವುದು ಇಷ್ಟು.

ಒರೆಸಿ ಮುಗಿಸಿದ ಮೇಲೆ ಬಿಲ್ಲೆಯನ್ನು ಕೊಕ್ಕೆಯಲ್ಲೇ ಮರೆತು ಹೋಗುವುದು ಮಾವನ ಅಭ್ಯಾಸ. ಹಾಗೆ ಮರೆತದ್ದನ್ನು ಎತ್ತಿಟ್ಟುಕೊಂಡು, ಒಂದು ಪ್ರಾಸದ ಚೀಟಿ ಬರೆದು ಅವರ ಊಟದ ಡಬ್ಬಿಯಲ್ಲಿಟ್ಟು, ಸಂಜೆಯವರೆಗೆ ಹುಡುಕಾಡಿಸುವುದು ನನ್ನ ತಮಾಷೆ. ಆ ಮಂಗಳವಾರ ರೋಲರು ನಿಂತಿತ್ತು. ಮಾವ ಚಹಾಕ್ಕೆ ಹೋಗಿರಬೇಕು ಎಂದುಕೊಂಡೆ. ಹಿಂದೆ ಬಗ್ಗಿ ನೋಡಲಿಲ್ಲ. ಪಕ್ಕದ ಕೋಣೆಯಲ್ಲಿ ಕೂತು ಚೀಟಿಯ ಎರಡನೆಯ ಸಾಲಿಗೆ ಪ್ರಾಸ ಹುಡುಕುತ್ತಿದ್ದಾಗ ಮಾವನ ಕೂಗು ಕೇಳಿಸಿತು. ಎಲ್ಲರೂ ರೋಲರಿನ ಹಿಂದಕ್ಕೆ ಓಡಿದರು. ನಾನು ಕೊಕ್ಕೆಯ ಹತ್ತಿರ ಓಡಿ ಬಿಲ್ಲೆಯನ್ನು ತೂಗುಹಾಕಿದೆ. ಇದ್ದಲ್ಲಿಗೆ ಇಟ್ಟರೆ ತೆಗೆದೇ ಇಲ್ಲ ಎಂದಾಗುತ್ತದೆ ಅನ್ನಿಸಿತು. ಅದು ಅವಳ ತಲೆಗೆ ಬರುತ್ತದೆ ಎಂದು ಆ ಕ್ಷಣ ಹೊಳೆಯಲಿಲ್ಲ. ಸಂಜೆಯೊಳಗೆ ಹೊಳೆಯಿತು. ನೂರು ದಿನ ಸುಮ್ಮನಿದ್ದೆ. ಅವಳು ಸ್ವಿಚ್ಚು ಒತ್ತಿದಾಗ ಆ ಬಿಲ್ಲೆ ನನ್ನ ಜೇಬಿನಲ್ಲಿತ್ತು.